ಗಂಟಿನಿಂದ ಎಲುಬಿಗೆ: ಸ್ತನ ಕ್ಯಾನ್ಸರ್ ಹರಡುವ ಬಗೆಯನ್ನು ಅರಿತ ಕಥೆ

ಸ್ತನದಲ್ಲಿ ಹುಟ್ಟಿದ ಕ್ಯಾನ್ಸರ್ ಸ್ತನದಲ್ಲೇ ಉಳಿದರೆ ಅದರಿಂದ ಜೀವ ಹೋಗುವುದು ಅಪರೂಪ. ಎಲುಬು, ಶ್ವಾಸಕೋಶ, ಯಕೃತ್ತು, ಮಿದುಳು ಇವುಗಳಲ್ಲಿ ಒಂದಕ್ಕೆ ಹೋಗಿ ನೆಲೆಯೂರಿದಾಗ ಅದು ಪ್ರಾಣಕ್ಕೆ ಎರವಾಗುತ್ತದೆ. ಗಂಟಿನಿಂದ ಕಳಚಿಕೊಂಡ ಜೀವಕೋಶ ಹೊರಡುವುದು ಹೇಗೆ, ರಕ್ತದಲ್ಲಿ ಸಾಯದೆ ಉಳಿಯುವುದು ಹೇಗೆ, ಗುಲ್ಮವನ್ನು ಬಿಟ್ಟು ಎಲುಬನ್ನೇ ಹಿಡಿಯುವುದು ಏಕೆ ಎಂಬ ಪ್ರಶ್ನೆಗಳಿಗೆ ವೈದ್ಯರು ಕೊಟ್ಟ ಉತ್ತರ ಇನ್ನೂರು ವರ್ಷಗಳಲ್ಲಿ ಹಲವು ಸಲ ಬದಲಾಗಿದೆ. ಉತ್ತರ ಬದಲಾದಾಗಲೆಲ್ಲ ಚಿಕಿತ್ಸೆಯೂ ಬದಲಾಗಿದೆ. ಶಸ್ತ್ರಚಿಕಿತ್ಸೆಯ ಗಾಯದ ಉದ್ದಗಲ ಕೂಡ. ಬಳ್ಳಾರಿ, ಸಿರುಗುಪ್ಪ, ಕುರುಗೋಡು ಸೀಮೆಯ ಹೆಣ್ಣುಮಕ್ಕಳ ಪಾಲಿಗೆ ಆ ಬದಲಾವಣೆ ಮೊದಲು ಮದ್ರಾಸಿನ ಕಡೆಯಿಂದ, ಆಮೇಲೆ ಬೆಂಗಳೂರಿನ ಕಡೆಯಿಂದ ಬಂತು.

ಹರಡಿದ ಕ್ಯಾನ್ಸರಿನ ಹಳೆಯ ಸಾಕ್ಷಿಗಳು ಸಿಗುವುದು ಹೆಚ್ಚಾಗಿ ಎಲುಬಿನಲ್ಲಿ, ಏಕೆಂದರೆ ಮೆತ್ತನೆಯ ಅಂಗಗಳು ಮಣ್ಣಾಗಿ ಹೋಗಿರುತ್ತವೆ. ಈಜಿಪ್ಟಿನ ಅಸ್ವಾನ್ ಬಳಿಯ ಗೋರಿಯೊಂದರಲ್ಲಿ ಸಿಕ್ಕ ಹೆಂಗಸಿನ ಅಸ್ಥಿಪಂಜರದಲ್ಲಿ ಸ್ತನ ಕ್ಯಾನ್ಸರ್ ಎಲುಬಿಗೆ ಹರಡಿದ ಗುರುತುಗಳಿವೆ ಎಂದು 2015ರಲ್ಲಿ ಪ್ರಕಟವಾಯಿತು. ಆಕೆ ಬದುಕಿದ್ದು ಸುಮಾರು ಕ್ರಿ.ಪೂ. 2200ರಲ್ಲಿ. ಅದಾದ ಕೆಲವು ಶತಮಾನಗಳಲ್ಲಿ ಬಳ್ಳಾರಿ ಸೀಮೆಯ ತೆಕ್ಕಲಕೋಟೆಯ ಕಲ್ಲುಗುಡ್ಡಗಳ ಮೇಲೆ ನವಶಿಲಾಯುಗದ ಜನ ದುಂಡು ಗುಡಿಸಲು ಹಾಕಿಕೊಂಡು ದನ ಸಾಕಿಕೊಂಡಿದ್ದರು. 1963–64ರಲ್ಲಿ ಎಂ. ಎಸ್. ನಾಗರಾಜರಾವ್ ಅಲ್ಲಿ ಉತ್ಖನನ ನಡೆಸಿದಾಗ ಮಡಕೆಯಲ್ಲಿಟ್ಟು ಹೂತ ಶಿಶುಗಳೂ ಉದ್ದಕ್ಕೆ ಮಲಗಿಸಿ ಹೂತ ದೊಡ್ಡವರೂ ಸಿಕ್ಕರು. ಅಸ್ಥಿಗಳನ್ನು ಪರಿಶೀಲಿಸಿದ ಕೆ. ಸಿ. ಮಲ್ಹೋತ್ರಾ ಅವರೊಡನೆ ಬರೆದ ವರದಿಯನ್ನು ಪುಣೆಯ ಡೆಕ್ಕನ್ ಕಾಲೇಜು 1965ರಲ್ಲಿ ಪ್ರಕಟಿಸಿತು. ಸ್ತನ ಕ್ಯಾನ್ಸರ್ ವಯಸ್ಸು ಏರಿದಂತೆ ಹೆಚ್ಚುವ ರೋಗ. ಮಕ್ಕಳೇ ಉಳಿಯುವುದು ಕಷ್ಟವಾಗಿದ್ದ, ದೊಡ್ಡವರು ಮುಪ್ಪು ಕಾಣುವುದು ವಿರಳವಾಗಿದ್ದ ಅಂಥ ಊರುಗಳಲ್ಲಿ ಅದು ಅಪರೂಪಕ್ಕೆ ಕಾಣಿಸಿಕೊಂಡಿರಬೇಕು.

ಸುಶ್ರುತ ಸಂಹಿತೆಯಲ್ಲಿ ಅರ್ಬುದದ ವಿವರವಿದೆ: ದುಂಡಗೆ, ಗಟ್ಟಿಯಾಗಿ, ನಿಧಾನಕ್ಕೆ ಬೆಳೆಯುವ, ಆಳಕ್ಕೆ ಬೇರೂರಿದ, ಕೀವಾಗದ ಗಡ್ಡೆ. ಒಂದು ಅರ್ಬುದ ಇದ್ದಲ್ಲೇ ಇನ್ನೊಂದು ಹುಟ್ಟಿದರೆ ಅದಕ್ಕೆ ಅಧ್ಯರ್ಬುದವೆಂದು ಹೆಸರಿಟ್ಟು ಅಸಾಧ್ಯ ರೋಗಗಳ ಸಾಲಿಗೆ ಸೇರಿಸಲಾಗಿದೆ. ಕೊಯ್ದು ತೆಗೆಯುವಾಗ ಚೂರು ಉಳಿದರೂ ಅದು ಮತ್ತೆ ಬೆಳೆದು ಕೊಲ್ಲುತ್ತದೆ ಎಂಬ ಎಚ್ಚರಿಕೆಯೂ ಅಲ್ಲಿದೆ. ಮರುಕಳಿಸುವಿಕೆಯನ್ನು ಇಷ್ಟು ನಿಖರವಾಗಿ ಕಂಡವರು ದೂರದ ಅಂಗಕ್ಕೆ ಹರಡುವುದನ್ನು ಹೇಳಲಿಲ್ಲ. ಹೆಣವನ್ನು ನೀರಿನಲ್ಲಿ ಕೊಳೆಯಿಸಿ ಅಂಗರಚನೆ ಕಲಿಯುವ ಪದ್ಧತಿ ಸುಶ್ರುತನಲ್ಲಿ ಇತ್ತಾದರೂ, ಯಾವ ರೋಗದಿಂದ ಸತ್ತವರ ಯಾವ ಅಂಗದಲ್ಲಿ ಏನಾಗಿತ್ತು ಎಂದು ಸಾಲುಸಾಲಾಗಿ ಬರೆದಿಡುವ ಕಸುಬು ಹುಟ್ಟಿರಲಿಲ್ಲ.

ಆ ಕಸುಬು ಬೆಳೆದದ್ದು ಹತ್ತೊಂಬತ್ತನೆಯ ಶತಮಾನದ ಯುರೋಪಿನ ಆಸ್ಪತ್ರೆಗಳ ಶವಪರೀಕ್ಷೆಯ ಕೋಣೆಗಳಲ್ಲಿ. ಕ್ಯಾನ್ಸರಿನ ದೂರದ ಹರಡುವಿಕೆಗೆ ಪ್ಯಾರಿಸಿನ ಜೋಸೆಫ್ ರೆಕಾಮಿಯೆ 1829ರಲ್ಲಿ ಮೆಟಾಸ್ಟಾಸಿಸ್ ಎಂಬ ಹೆಸರು ಬಳಸಿದ. 1869ರಲ್ಲಿ ಆಸ್ಟ್ರೇಲಿಯಾದ ವೈದ್ಯ ಥಾಮಸ್ ಆಶ್‌ವರ್ತ್, ಕ್ಯಾನ್ಸರಿನಿಂದ ಸತ್ತವನೊಬ್ಬನ ರಕ್ತದಲ್ಲಿ ಅವನ ಗಡ್ಡೆಯ ಕೋಶಗಳನ್ನೇ ಹೋಲುವ ಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ಕಂಡ. ಅಲ್ಲಿಗೆ, ಹರಡುವುದು ಯಾವುದೋ ವಿಷರಸವಲ್ಲ, ಕೋಶವೇ ಎಂಬುದಕ್ಕೆ ಕಣ್ಣಾರೆ ಕಂಡ ಆಧಾರ ಒದಗಿತು.

1889ರಲ್ಲಿ ಲಂಡನ್ನಿನ ಶಸ್ತ್ರವೈದ್ಯ ಸ್ಟೀಫನ್ ಪೇಜೆಟ್ ಸ್ತನ ಕ್ಯಾನ್ಸರಿನಿಂದ ಸತ್ತ 735 ಹೆಂಗಸರ ಶವಪರೀಕ್ಷೆಯ ದಾಖಲೆಗಳನ್ನು ಒಟ್ಟುಗೂಡಿಸಿ ಲೆಕ್ಕ ಹಾಕಿದ. 241 ಮಂದಿಯ ಯಕೃತ್ತಿನಲ್ಲಿ ಕ್ಯಾನ್ಸರ್ ಇತ್ತು. ಗುಲ್ಮದಲ್ಲಿ ಇದ್ದದ್ದು 17 ಮಂದಿಗೆ ಮಾತ್ರ. ಗುಲ್ಮಕ್ಕೆ ಹರಿಯುವ ರಕ್ತವೇನೂ ಕಡಿಮೆಯಲ್ಲ. ರಕ್ತ ಒಯ್ದು ಹಾಕಿದಲ್ಲೆಲ್ಲ ಕೋಶ ಬೆಳೆಯುವುದಾಗಿದ್ದರೆ ಈ ಅಂತರಕ್ಕೆ ಅರ್ಥವೇ ಇರುತ್ತಿರಲಿಲ್ಲ. ಕೋಶ ಬೀಜವಿದ್ದಂತೆ, ಎಲ್ಲ ದಿಕ್ಕಿಗೂ ಚೆಲ್ಲುತ್ತದೆ, ಆದರೆ ಹೊಂದುವ ಮಣ್ಣು ಸಿಕ್ಕಲ್ಲಿ ಮಾತ್ರ ಮೊಳೆಯುತ್ತದೆ ಎಂದು ಪೇಜೆಟ್ ವಾದಿಸಿದ. ಎರೆ ಹೊಲಕ್ಕೆ ಹಿಂಗಾರಿ ಜೋಳ, ಮಸಾರಿಗೆ ಶೇಂಗಾ ಎಂದು ಬಿತ್ತನೆಗೆ ಮುನ್ನವೇ ಲೆಕ್ಕ ಹಾಕುವ ಬಳ್ಳಾರಿ ಸೀಮೆಯ ಒಕ್ಕಲಿಗೆ ಈ ವಾದದಲ್ಲಿ ಹೊಸತೇನೂ ಕಾಣುವುದಿಲ್ಲ. ವೈದ್ಯಲೋಕ ಮಾತ್ರ ಇದನ್ನು ಸುಮಾರು ತೊಂಬತ್ತು ವರ್ಷ ಬದಿಗಿಟ್ಟಿತು.

ಬದಿಗಿಡಲು ಕಾರಣವಿತ್ತು. ಪೇಜೆಟ್ ಮಣ್ಣಿನ ಮಾತಾಡಿದ ಹೊತ್ತಿನಲ್ಲೇ ಅಮೆರಿಕದ ಬಾಲ್ಟಿಮೋರಿನಲ್ಲಿ ವಿಲಿಯಂ ಹಾಲ್‌ಸ್ಟೆಡ್ ಕತ್ತಿಯ ಬಲದಿಂದ ಫಲ ತೋರಿಸುತ್ತಿದ್ದ. ಕ್ಯಾನ್ಸರ್ ಗಂಟಿನಿಂದ ಸುತ್ತಲೂ ಹಂತಹಂತವಾಗಿ, ಮೊದಲು ಕಂಕುಳಿಗೆ, ಆಮೇಲೆ ಮುಂದಕ್ಕೆ ಸರಿಯುತ್ತದೆ ಎಂಬುದು ಅವನ ನಂಬಿಕೆ. ಹಾಗಿದ್ದರೆ ಅದು ದಾಟಿ ಹೋಗುವ ಮುನ್ನ ಅಗಲವಾಗಿ ಕೊಯ್ದುಬಿಟ್ಟರೆ ಆಯಿತು. 1894ರಲ್ಲಿ ಅವನು ಪ್ರಕಟಿಸಿದ ವರದಿಯಲ್ಲಿ 50 ಶಸ್ತ್ರಚಿಕಿತ್ಸೆಗಳ ವಿವರವಿತ್ತು: ಸ್ತನ, ಅದರಡಿಯ ಎದೆಯ ಸ್ನಾಯು, ಕಂಕುಳ ಗ್ರಂಥಿಗಳು ಎಲ್ಲವನ್ನೂ ಒಟ್ಟಿಗೆ ತೆಗೆಯುವ ವಿಧಾನ. ಗಂಟು ಅದೇ ಜಾಗದಲ್ಲಿ ಮರುಕಳಿಸುವುದು ಕಡಿಮೆಯಾಯಿತು. ಬೆಲೆ ತೆತ್ತವರು ರೋಗಿಗಳು: ಪಕ್ಕೆಲುಬು ಎದ್ದು ಕಾಣುವ ಎದೆ, ಬಾತುಕೊಂಡ ತೋಳು, ಮೇಲೆತ್ತಲಾಗದ ಕೈ. ಕೊಡ ಹೊತ್ತು, ಕಳೆ ಕಿತ್ತು ಬದುಕುವ ಹೆಂಗಸಿಗೆ ಅದು ಸಣ್ಣ ಬೆಲೆಯಲ್ಲ. ಇಷ್ಟಾದರೂ ಬಹಳ ಮಂದಿ ಕೆಲವು ವರ್ಷಗಳ ನಂತರ ಎಲುಬಿನಲ್ಲೋ ಶ್ವಾಸಕೋಶದಲ್ಲೋ ಕ್ಯಾನ್ಸರ್ ಕಾಣಿಸಿಕೊಂಡು ಸಾಯುತ್ತಿದ್ದರು. ಆಗ ಶಸ್ತ್ರವೈದ್ಯರು ತೆಗೆದುಕೊಂಡ ತೀರ್ಮಾನ, ಇನ್ನೂ ಅಗಲ ಕೊಯ್ಯಬೇಕಿತ್ತು ಎಂಬುದು.

ಮಣ್ಣಿನ ವಾದಕ್ಕೆ ಇನ್ನೊಂದು ಕಡೆಯಿಂದಲೂ ಎದುರು ಬಿತ್ತು. ಕೋಶ ಎಲ್ಲಿಗೆ ಹೋಗುತ್ತದೆ ಎಂಬುದು ಬರೀ ಕೊಳವೆಗಳ ಜೋಡಣೆಯ ಪ್ರಶ್ನೆ, ರಕ್ತ ಮೊದಲು ಮುಟ್ಟುವ ಸಣ್ಣ ರಕ್ತನಾಳಗಳ ಜಾಲದಲ್ಲಿ ಅದು ಸಿಕ್ಕಿಕೊಳ್ಳುತ್ತದೆ, ಅಷ್ಟೆ ಎಂದು ನ್ಯೂಯಾರ್ಕಿನ ಜೇಮ್ಸ್ ಯೂಯಿಂಗ್ 1920ರ ದಶಕದಲ್ಲಿ ಹೇಳಿದ. 1940ರಲ್ಲಿ ಫಿಲಡೆಲ್ಫಿಯಾದ ಆಸ್ಕರ್ ಬ್ಯಾಟ್ಸನ್, ಎದೆ ಮತ್ತು ಕಿಬ್ಬೊಟ್ಟೆಯ ಅಭಿಧಮನಿಗಳಿಗೂ ಬೆನ್ನುಹುರಿಯ ಸುತ್ತಲಿನ ಅಭಿಧಮನಿ ಜಾಲಕ್ಕೂ ಕವಾಟವಿಲ್ಲದ ಸಂಪರ್ಕ ಇರುವುದನ್ನು ತೋರಿಸಿದ. ಸ್ತನ ಕ್ಯಾನ್ಸರ್ ಬೆನ್ನೆಲುಬಿಗೆ ಅಷ್ಟು ಸುಲಭವಾಗಿ ಹೋಗುವುದಕ್ಕೆ ಅದೂ ಒಂದು ಕಾರಣ. ದಾರಿಯೂ ನಿಜ, ಮಣ್ಣೂ ನಿಜ ಎಂಬ ಮಾತು ಈಗ ಸಲೀಸಾಗಿ ಹೇಳಲು ಬರುತ್ತದೆ. ಆಗ ಅವು ಎದುರಾಳಿ ಪಕ್ಷಗಳಾಗಿದ್ದವು.

ಈ ವಾದಗಳು ನಡೆಯುತ್ತಿದ್ದ ಕಾಲಕ್ಕೆ ಬಳ್ಳಾರಿ ಮದ್ರಾಸ್ ಪ್ರಾಂತ್ಯದ ಜಿಲ್ಲೆ. ಮದ್ರಾಸಿನ ಜನರಲ್ ಆಸ್ಪತ್ರೆಯ ಆವರಣದಲ್ಲಿ 1934ರಲ್ಲಿ ಬರ್ನಾರ್ಡ್ ವಿಕಿರಣ ಸಂಸ್ಥೆ ತೆರೆಯಿತು. ಗುಂತಕಲ್ಲಿನ ಮೂಲಕ ಹೋಗುವ ರೈಲು ಹಿಡಿದರೆ ಬಳ್ಳಾರಿಯವರಿಗೆ ಮದ್ರಾಸ್ ತಲುಪುವುದು ಬೊಂಬಾಯಿ ತಲುಪುವುದಕ್ಕಿಂತ ಸುಲಭ. ಬೊಂಬಾಯಿಯಲ್ಲಿ ಟಾಟಾ ಸ್ಮಾರಕ ಆಸ್ಪತ್ರೆ ಶುರುವಾದದ್ದು 1941ರಲ್ಲಿ. 1953ರ ಅಕ್ಟೋಬರ್ 1ರಂದು ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಹೋಗಿ ಉಳಿದ ಬಳ್ಳಾರಿ ಮೈಸೂರಿಗೆ ಸೇರಿತು. ಮರುವರ್ಷವೇ ಮದ್ರಾಸಿನ ಅಡ್ಯಾರಿನಲ್ಲಿ ಡಾ. ಮುತ್ತುಲಕ್ಷ್ಮಿ ರೆಡ್ಡಿ ಕ್ಯಾನ್ಸರ್ ಸಂಸ್ಥೆ ಕಟ್ಟಿದರು. ತಂಗಿ ಕ್ಯಾನ್ಸರಿನಿಂದ ಸತ್ತದ್ದನ್ನು ಕಂಡವರು ಅವರು. ದೊಡ್ಡ ಕ್ಯಾನ್ಸರ್ ಆಸ್ಪತ್ರೆ ಬಂದ ಹೊತ್ತಿಗೆ ಬಳ್ಳಾರಿ ಆ ರಾಜ್ಯದ್ದಾಗಿ ಉಳಿದಿರಲಿಲ್ಲ. 1961ರಲ್ಲಿ ಬಳ್ಳಾರಿಯಲ್ಲೇ ಸರ್ಕಾರಿ ವೈದ್ಯಕೀಯ ಕಾಲೇಜು ಆರಂಭವಾಯಿತು. ಮುಂದೆ ಅದು ವಿಮ್ಸ್ ಎಂದೇ ಜನರ ಬಾಯಲ್ಲಿ ನಿಂತಿತು. ಸಿರುಗುಪ್ಪ, ತೆಕ್ಕಲಕೋಟೆ ಕಡೆಯವರಿಗೆ ಅಲ್ಲಿಂದಾಚೆಗೆ ಶಸ್ತ್ರಚಿಕಿತ್ಸೆ ಬಸ್ಸಿನ ಹಾದಿಗೆ ಬಂತು.

ಕತ್ತಿಯ ಯುಗ ನಡೆಯುತ್ತಿರುವಾಗಲೇ ಅದರ ಬುಡ ಅಲುಗಿಸುವ ಒಂದು ಸುಳಿವು ಸಿಕ್ಕಿತ್ತು. ಸ್ಕಾಟ್ಲೆಂಡಿನ ಜಾರ್ಜ್ ಬೀಟ್ಸನ್ ಹಾಲು ಕೊಡುವ ಕುರಿಗಳ ಕೆಚ್ಚಲಿನ ಬಗ್ಗೆ ಪ್ರಬಂಧ ಬರೆದವನು. ಸ್ತನದ ಕೋಶಗಳ ಮೇಲೆ ಅಂಡಾಶಯದ ಹಿಡಿತವಿದೆ ಎಂದು ಅವನಿಗೆ ತೋರಿತು. ಕೈಬಿಟ್ಟ ಸ್ಥಿತಿಯಲ್ಲಿದ್ದ ರೋಗಿಗಳ ಅಂಡಾಶಯ ತೆಗೆದಾಗ ಗಡ್ಡೆಗಳು ಕರಗಿದ್ದನ್ನು 1896ರಲ್ಲಿ ವರದಿ ಮಾಡಿದ. ಕತ್ತಿ ಮುಟ್ಟದ ಜಾಗದ ಕ್ಯಾನ್ಸರ್ ಎಲ್ಲೋ ಬೇರೆ ಅಂಗದಿಂದ ಬರುವ ಸಂದೇಶ ನಿಂತ ಮಾತ್ರಕ್ಕೆ ಕುಗ್ಗುವುದೆಂದರೆ, ಅದು ಸಂದೇಶದ ಮೇಲೇ ಬದುಕಿದೆ ಎಂದಾಯಿತು. ಆ ಸಂದೇಶವನ್ನು ಹಿಡಿಯುವ ಗ್ರಾಹಕ ಪ್ರೋಟೀನನ್ನು ಶಿಕಾಗೊದ ಎಲ್ವುಡ್ ಜೆನ್ಸನ್ 1950ರ ದಶಕದ ಕೊನೆಯಲ್ಲಿ, ವಿಕಿರಣದ ಗುರುತು ಹಚ್ಚಿದ ಈಸ್ಟ್ರೋಜನ್ ಬಳಸಿ ಪತ್ತೆಹಚ್ಚಿದ. ಗರ್ಭನಿರೋಧಕವೆಂದು ಇಂಗ್ಲೆಂಡಿನಲ್ಲಿ 1962ರಲ್ಲಿ ತಯಾರಾಗಿ ಆ ಕೆಲಸಕ್ಕೆ ಬಾರದೆ ಹೋದ ಟ್ಯಾಮಾಕ್ಸಿಫೆನ್ ಆ ಗ್ರಾಹಕವನ್ನು ಮುಚ್ಚುವ ಗುಳಿಗೆಯಾಗಿ 1970ರ ದಶಕದಲ್ಲಿ ಮರುಹುಟ್ಟು ಪಡೆಯಿತು. ಸ್ತನ ಕ್ಯಾನ್ಸರಿಗೆ ಅಣುಮಟ್ಟದ ಮೊದಲ ಔಷಧಿ ಅದೇ, ಮತ್ತು ಇಂದಿಗೂ ಜಿಲ್ಲಾ ಆಸ್ಪತ್ರೆಗಳ ಕೈಗೆ ಎಟುಕುವ ಅಗ್ಗದ ಔಷಧಿಯೂ ಅದೇ.

ಹಾಲ್‌ಸ್ಟೆಡ್‌ನ ನಂಬಿಕೆಗೆ ಕೊನೆಯ ಪೆಟ್ಟು ಕೊಟ್ಟವನು ಪಿಟ್ಸ್‌ಬರ್ಗಿನ ಬರ್ನಾರ್ಡ್ ಫಿಶರ್. 1971ರಲ್ಲಿ ಅವನ ನೇತೃತ್ವದಲ್ಲಿ ಶುರುವಾದ ಪ್ರಯೋಗದಲ್ಲಿ 1,665 ಮಹಿಳೆಯರನ್ನು ಬೇರೆಬೇರೆ ಗುಂಪುಗಳಾಗಿ ವಿಂಗಡಿಸಿ, ಕೆಲವರಿಗೆ ಸ್ನಾಯುಸಮೇತ ಅಗಲವಾದ ಶಸ್ತ್ರಚಿಕಿತ್ಸೆ, ಕೆಲವರಿಗೆ ಸ್ತನವನ್ನಷ್ಟೇ ತೆಗೆಯುವ ಶಸ್ತ್ರಚಿಕಿತ್ಸೆ ಮಾಡಲಾಯಿತು. 25 ವರ್ಷ ಹಿಂಬಾಲಿಸಿದರೂ ಬದುಕುಳಿದವರ ಪ್ರಮಾಣದಲ್ಲಿ ವ್ಯತ್ಯಾಸ ಕಾಣಲಿಲ್ಲ. ಹರಡುವ ಕ್ಯಾನ್ಸರ್ ಗಂಟು ಕೈಗೆ ಸಿಗುವ ಹೊತ್ತಿಗೇ ಹೊರಟುಹೋಗಿರುತ್ತದೆ. ಹರಡದ್ದಕ್ಕೆ ಎದೆಯ ಸ್ನಾಯು ತೆಗೆಯುವ ಅಗತ್ಯವೇ ಇಲ್ಲ. ಎಂಬತ್ತು ವರ್ಷ ಲಕ್ಷಾಂತರ ಹೆಂಗಸರು ತೆತ್ತ ಬೆಲೆ ಬಹುಪಾಲು ವ್ಯರ್ಥವಾಗಿತ್ತು.

ಅದೇ ದಶಕದಲ್ಲಿ ಪೇಜೆಟ್ ಮತ್ತೆ ಎದ್ದು ಬಂದ. ಅಮೆರಿಕದ ಐಸಾಯ ಫಿಡ್ಲರ್ ವಿಕಿರಣದ ಗುರುತು ಹಚ್ಚಿದ ಕ್ಯಾನ್ಸರ್ ಕೋಶಗಳನ್ನು ಇಲಿಗಳ ರಕ್ತಕ್ಕೆ ಬಿಟ್ಟು ಎಣಿಸಿದ. ಬಹುತೇಕ ಎಲ್ಲವೂ ಒಂದೆರಡು ದಿನದಲ್ಲಿ ಸತ್ತವು. ಗಡ್ಡೆ ಕಟ್ಟುವಷ್ಟು ಉಳಿದದ್ದು ಸಾವಿರಕ್ಕೆ ಒಂದರ ಆಸುಪಾಸು. 1980ರ ಇನ್ನೊಂದು ಪ್ರಯೋಗದಲ್ಲಿ ಇಲಿಯ ತೊಡೆಯ ಸ್ನಾಯುವಿಗೆ ಶ್ವಾಸಕೋಶ, ಅಂಡಾಶಯ, ಮೂತ್ರಪಿಂಡದ ಚೂರುಗಳನ್ನು ಕಸಿ ಮಾಡಿ ಕೋಶಗಳನ್ನು ರಕ್ತಕ್ಕೆ ಬಿಡಲಾಯಿತು. ಗಡ್ಡೆಗಳು ಎದ್ದದ್ದು ಶ್ವಾಸಕೋಶ ಮತ್ತು ಅಂಡಾಶಯದ ಚೂರುಗಳಲ್ಲಿ. ಮೂತ್ರಪಿಂಡದ ಚೂರು ತೆರವಾಗೇ ಉಳಿಯಿತು. ಕಸಿ ಮಾಡಿದ ಜಾಗ ಒಂದೇ ಆಗಿದ್ದರಿಂದ ಕೊಳವೆಗಳ ಜೋಡಣೆಯನ್ನು ಕಾರಣವಾಗಿ ಹೇಳುವಂತಿರಲಿಲ್ಲ. ಇನ್ನು ಉಳಿದ ಪ್ರಶ್ನೆ, ಮಣ್ಣಿನಲ್ಲಿ ಅಂಥದ್ದೇನಿದೆ ಎಂಬುದು.

ಕರ್ನಾಟಕ ಆ ಹೊತ್ತಿಗೆ ಇನ್ನೂ ರೋಗಿಗಳನ್ನು ಎಣಿಸುವ ಕೆಲಸದಲ್ಲಿತ್ತು, ಅದೂ ಅಗತ್ಯವಾಗಿದ್ದ ಕೆಲಸವೇ. 1973ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ 1980ರಲ್ಲಿ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರವಾಯಿತು. ಡಾ. ಎಂ. ಕೃಷ್ಣ ಭಾರ್ಗವ ಅದನ್ನು ಬಹುಕಾಲ ನಡೆಸಿದರು. ಬಳ್ಳಾರಿಯಲ್ಲಿ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಳಿಗ್ಗೆ ಬೆಂಗಳೂರಿನಲ್ಲಿ ಇಳಿದು, 'ಕರೆಂಟ್' (ವಿಕಿರಣ ಚಿಕಿತ್ಸೆ) ಕೊಡಿಸಿಕೊಳ್ಳಲು ವಾರಗಟ್ಟಲೆ ಧರ್ಮಶಾಲೆಯಲ್ಲಿ ತಂಗುವುದು ಈ ಭಾಗದ ಕ್ಯಾನ್ಸರ್ ರೋಗಿಗಳ ರೂಢಿಯಾಯಿತು. 1982ರ ಜನವರಿಯಿಂದ ಕಿದ್ವಾಯಿಯಲ್ಲಿ ಬೆಂಗಳೂರು ನಗರದ ಕ್ಯಾನ್ಸರ್ ನೋಂದಣಿ ಶುರುವಾಯಿತು. ಆಸ್ಪತ್ರೆಗೆ ಬಂದವರನ್ನಷ್ಟೇ ಅಲ್ಲ, ನಗರದ ಎಲ್ಲ ಆಸ್ಪತ್ರೆ, ಪ್ರಯೋಗಾಲಯ, ಮರಣ ದಾಖಲೆಗಳನ್ನು ಜಾಲಾಡಿ ಹೆಸರು ಸೇರಿಸುವ ಕೆಲಸ ಅದು. ಮೊದಲ ವರ್ಷಗಳ ಪಟ್ಟಿಯಲ್ಲಿ ಹೆಂಗಸರಲ್ಲಿ ಮೊದಲ ಸ್ಥಾನ ಗರ್ಭಕೊರಳಿನ ಕ್ಯಾನ್ಸರಿನದು. ದಶಕಗಳು ಉರುಳಿದಂತೆ ಅದು ಇಳಿಯುತ್ತ, ಸ್ತನದ್ದು ಏರುತ್ತ ಹೋಗಿ ಸ್ಥಾನ ಅದಲುಬದಲಾಯಿತು. 2012–16ರ ವರದಿಯಲ್ಲಿ ಬೆಂಗಳೂರಿನ ಸ್ತನ ಕ್ಯಾನ್ಸರ್ ದರ ವಯಸ್ಸಿನ ಹೊಂದಾಣಿಕೆಯ ಬಳಿಕ 1 ಲಕ್ಷ ಮಹಿಳೆಯರಿಗೆ ಸುಮಾರು 40. ತಡವಾದ ಮದುವೆ, ಕಡಿಮೆ ಮಕ್ಕಳು, ಕಡಿಮೆ ಅವಧಿಯ ಮೊಲೆಯೂಡಿಕೆ, ಬೊಜ್ಜು, ಹೆಚ್ಚಿದ ಆಯುಸ್ಸು ಇವು ಸೇರಿ ಏರಿಸಿದ ಅಂಕಿ ಇದು.

ಮಣ್ಣಿನಲ್ಲಿ ಏನಿದೆ ಎಂಬುದಕ್ಕೆ ಮೊದಲ ಸ್ಪಷ್ಟ ಉತ್ತರ ಸಿಕ್ಕಿದ್ದು ಎಲುಬಿನಲ್ಲಿ. ಎಲುಬು ಕಲ್ಲಿನಂತೆ ಜಡವಾಗಿ ಕೂತ ವಸ್ತುವಲ್ಲ. ಒಂದು ಬಗೆಯ ಕೋಶಗಳು ಅದನ್ನು ಕರಗಿಸುತ್ತಿರುತ್ತವೆ, ಇನ್ನೊಂದು ಬಗೆಯವು ಕಟ್ಟುತ್ತಿರುತ್ತವೆ. ಕ್ಯಾನ್ಸರ್ ರೋಗಿಗಳ ರಕ್ತದಲ್ಲಿ ಕ್ಯಾಲ್ಸಿಯಂ ವಿಪರೀತ ಏರುವುದೇಕೆ ಎಂದು ಹುಡುಕಿದ ಮೆಲ್ಬರ್ನಿನ ಟಿ. ಜೆ. ಮಾರ್ಟಿನ್ ತಂಡ 1987ರಲ್ಲಿ ಪಿಟಿಎಚ್‌ಆರ್‌ಪಿ ಎಂಬ ಪ್ರೋಟೀನನ್ನು ಗುರುತಿಸಿತು. ಎಲುಬು ಸೇರಿದ ಸ್ತನ ಕ್ಯಾನ್ಸರ್ ಕೋಶ ಇದನ್ನು ಸ್ರವಿಸುತ್ತದೆ. ಅದರ ಪ್ರಭಾವಕ್ಕೆ ಸಿಕ್ಕ ಎಲುಬು ಕಟ್ಟುವ ಕೋಶಗಳು ತಮ್ಮ ಮೈಮೇಲೆ ರ‍್ಯಾಂಕ್-ಎಲ್ ಎಂಬ ಇನ್ನೊಂದು ಸಂಕೇತವನ್ನು ಹೊರಹಾಕುತ್ತವೆ, ಅದು ಎಲುಬು ಕರಗಿಸುವ ಕೋಶಗಳನ್ನು ಕೆರಳಿಸುತ್ತದೆ. ಎಲುಬು ಕರಗಿದಾಗ ಅದರೊಳಗೆ ಹುದುಗಿದ್ದ ಟಿಜಿಎಫ್-ಬೀಟಾ ಎಂಬ ಬೆಳವಣಿಗೆಯ ಪ್ರೋಟೀನು ಬಿಡುಗಡೆಯಾಗಿ ಕ್ಯಾನ್ಸರ್ ಕೋಶವನ್ನು ತಟ್ಟುತ್ತದೆ, ಕೋಶ ಇನ್ನಷ್ಟು ಪಿಟಿಎಚ್‌ಆರ್‌ಪಿ ಸ್ರವಿಸುತ್ತದೆ. ಹೀಗೆ ಚಕ್ರ ತಿರುಗುತ್ತದೆ. 1990ರ ದಶಕದಲ್ಲಿ ಟೆಕ್ಸಾಸಿನ ಥೆರೇಸಾ ಗೈಸ್, ಗ್ರೆಗೊರಿ ಮಂಡಿ ಮತ್ತು ಸಂಗಡಿಗರು ಈ ಚಕ್ರವನ್ನು ಇಲಿಗಳಲ್ಲಿ ತುಂಡುತುಂಡಾಗಿ ಸಾಬೀತುಪಡಿಸಿದರು. ಎಲುಬನ್ನು ತಿನ್ನುವುದು ಕ್ಯಾನ್ಸರ್ ಅಲ್ಲ, ಕ್ಯಾನ್ಸರಿನ ಮಾತು ಕೇಳಿದ ಎಲುಬಿನದೇ ಕೋಶಗಳು. ರೋಗಿಗೆ ಇದು ಗೊತ್ತಾಗುವುದು ಸೊಂಟ, ಬೆನ್ನಿನ ನೋವಾಗಿ. ನಾಟಿ, ಕಳೆ, ಕೊಯ್ಲಿನ ಕೆಲಸದಲ್ಲಿ ಬೆನ್ನು ನೋಯುವುದು ದಿನದ ಮಾತಾದ್ದರಿಂದ ತಿಂಗಳುಗಟ್ಟಲೆ ಎಣ್ಣೆ ತಿಕ್ಕಿ ಕಾಲ ಕಳೆಯುವುದುಂಟು.

ಹೊರಡುವ ಮುನ್ನ ಗಂಟಿನಲ್ಲಿ ಏನಾಗುತ್ತದೆ ಎಂಬುದಕ್ಕೆ ಸುಳಿವು ಭ್ರೂಣಶಾಸ್ತ್ರದಿಂದ ಬಂತು. ಪರಸ್ಪರ ಅಂಟಿಕೊಂಡು ಹಾಳೆಯಂತೆ ಹರಡಿರುವ ಕೋಶಗಳು ಭ್ರೂಣದಲ್ಲಿ ಒಮ್ಮೊಮ್ಮೆ ಅಂಟು ಬಿಟ್ಟು ಒಂಟಿಯಾಗಿ ಸರಿದಾಡುವುದನ್ನು ಹಾರ್ವರ್ಡಿನ ಎಲಿಜಬೆತ್ ಹೇ ವಿವರಿಸಿದ್ದಳು. ಕೋಶಗಳನ್ನು ಬೆಸೆದಿಡುವ ಇ-ಕ್ಯಾಡೆರಿನ್ ಪ್ರೋಟೀನು ಕಡಿಮೆಯಾಗುವುದು ಅದರ ಮುಖ್ಯ ಲಕ್ಷಣ. ಭ್ರೂಣದ ಈ ಚಾಳಿಯನ್ನು ಸ್ತನ ಕ್ಯಾನ್ಸರ್ ಕೋಶಗಳು ಟ್ವಿಸ್ಟ್ ಎಂಬ ಜೀನಿನ ಮೂಲಕ ಮತ್ತೆ ಎಬ್ಬಿಸುತ್ತವೆ ಎಂದು 2004ರಲ್ಲಿ ರಾಬರ್ಟ್ ವೈನ್‌ಬರ್ಗ್ ತಂಡ ತೋರಿಸಿತು. ಆ ಹಾದಿಗೆ ಒತ್ತಾಸೆ ಕೊಡುವ ಸಂಕೇತಗಳಲ್ಲಿ ಎಲುಬಿನಲ್ಲಿ ಕಂಡ ಅದೇ ಟಿಜಿಎಫ್-ಬೀಟಾ ಕೂಡ ಒಂದು.

2001ರ ಹೊತ್ತಿಗೆ ವಿಳಾಸದ ಪ್ರಶ್ನೆಯೂ ಬಗೆಹರಿಯತೊಡಗಿತು. ಸ್ತನ ಕ್ಯಾನ್ಸರ್ ಕೋಶಗಳ ಮೈಮೇಲೆ ಸಿಎಕ್ಸ್‌ಸಿಆರ್4 ಎಂಬ ಗ್ರಾಹಕ ಹೇರಳವಾಗಿದೆ. ಅದನ್ನು ಸೆಳೆಯುವ ಸಿಎಕ್ಸ್‌ಸಿಎಲ್12 ಎಂಬ ಅಣು ಶ್ವಾಸಕೋಶ, ಯಕೃತ್ತು, ಎಲುಬಿನ ಮಜ್ಜೆ, ದುಗ್ಧಗ್ರಂಥಿಗಳಲ್ಲಿ ಹೇರಳವಾಗಿದೆ ಎಂದು ಕ್ಯಾಲಿಫೋರ್ನಿಯಾದ ಆಲ್ಬರ್ಟ್ ಜ್ಲಾಟ್ನಿಕ್ ತಂಡ ಪ್ರಕಟಿಸಿತು. ಬಿಳಿ ರಕ್ತಕಣಗಳು ತಮ್ಮ ತಾಣ ಹುಡುಕಲು ಬಳಸುವ ವ್ಯವಸ್ಥೆಯನ್ನೇ ಕ್ಯಾನ್ಸರ್ ಎರವಲು ಪಡೆದಿತ್ತು. ನ್ಯೂಯಾರ್ಕಿನ ಜೋನ್ ಮಸಾಗೆ ತಂಡ 2003ರಲ್ಲಿ ಎಲುಬಿಗೆ, 2005ರಲ್ಲಿ ಶ್ವಾಸಕೋಶಕ್ಕೆ, 2009ರಲ್ಲಿ ಮಿದುಳಿಗೆ ಹೋಗುವ ಕೋಶಗಳಲ್ಲಿ ಚುರುಕಾಗುವ ಜೀನುಗಳ ಬೇರೆಬೇರೆ ಗುಂಪುಗಳನ್ನು ಪಟ್ಟಿ ಮಾಡಿತು. ಅದೇ ನಗರದ ಡೇವಿಡ್ ಲೈಡನ್ ಇನ್ನೂ ಬೆರಗಿನ ಸಂಗತಿ ತೋರಿಸಿದ: ಗಂಟು ತನ್ನ ಕೋಶಗಳನ್ನು ಕಳಿಸುವ ಮುನ್ನವೇ ಸಂದೇಶ ಕಳಿಸಿ ದೂರದ ಅಂಗದಲ್ಲಿ ಜಾಗ ಹದ ಮಾಡಿಸುತ್ತದೆ. 2015ರ ಅವನ ತಂಡದ ವರದಿಯ ಪ್ರಕಾರ ಆ ಸಂದೇಶ ಎಕ್ಸೋಸೋಮ್ ಎಂಬ ಅತಿಸಣ್ಣ ಚೀಲಗಳಲ್ಲಿ ಹೋಗುತ್ತದೆ. ಚೀಲದ ಹೊರಮೈಯ ಇಂಟೆಗ್ರಿನ್ ಪ್ರೋಟೀನು ಯಾವ ಜಾತಿಯದು ಎಂಬುದರ ಮೇಲೆ ಅದು ಶ್ವಾಸಕೋಶಕ್ಕೆ ಇಳಿಯಬೇಕೋ ಯಕೃತ್ತಿಗೋ ಎಂಬುದು ತೀರ್ಮಾನವಾಗುತ್ತದೆ.

ಇಂಥ ಪ್ರಯೋಗಗಳಲ್ಲಿ ಮತ್ತೆ ಮತ್ತೆ ಎರಡು ಕೋಶವಂಶಗಳು ಎದುರಾಗುತ್ತವೆ: ಎಂಸಿಎಫ್-7 ಮತ್ತು ಎಂಡಿಎ-ಎಂಬಿ-231. ಎರಡನ್ನೂ ಅಮೆರಿಕದಲ್ಲಿ 1970ರ ದಶಕದ ಆರಂಭದಲ್ಲಿ ಇಬ್ಬರು ರೋಗಿಗಳ ಎದೆಗೂಡಿನಲ್ಲಿ ತುಂಬಿದ ನೀರಿನಿಂದ ಬೆಳೆಸಲಾಯಿತು. ಅಂದರೆ ಸ್ತನ ಕ್ಯಾನ್ಸರ್ ಸಂಶೋಧನೆಯ ಈ ಎರಡು ಆಧಾರಸ್ತಂಭಗಳೂ ಸ್ತನದಿಂದ ತೆಗೆದವಲ್ಲ, ಆಗಲೇ ಹರಡಿ ಎದೆಗೂಡು ಸೇರಿದ್ದ ಕೋಶಗಳು. ಅವು ಬೆಂಗಳೂರಿನ ಪ್ರಯೋಗಾಲಯಗಳಿಗೂ ಬಂದವು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಈ ವಿಷಯದ ಕೆಲಸ ಗಟ್ಟಿಗೊಂಡದ್ದು ಈ ಶತಮಾನದಲ್ಲಿ. ಟಿಜಿಎಫ್-ಬೀಟಾ ಸಂಶೋಧನೆಗೆ ತಳಹದಿ ಹಾಕಿದ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ತಂಡದಲ್ಲಿ ಪಳಗಿದ ಪಿ. ಕೊಂಡಯ್ಯ ಅದೇ ವಿಷಯವನ್ನು ಇಲ್ಲಿ ಮುಂದುವರಿಸಿದರು. ವೈನ್‌ಬರ್ಗ್ ಪ್ರಯೋಗಾಲಯದಲ್ಲಿ ದುಡಿದು ಬಂದ ಅನ್ನಪೂರ್ಣಿ ರಂಗರಾಜನ್ ಹಿಡಿದದ್ದು ಬೇರೊಂದು ಎಳೆ: ಗಂಟನ್ನು ಬಿಟ್ಟ ಕೋಶ ರಕ್ತದಲ್ಲಿ ಸಾಯುವುದಿಲ್ಲವೇಕೆ? ಮಾಮೂಲಿ ಕೋಶ ತನ್ನ ಆಧಾರದಿಂದ ಕಳಚಿದರೆ ಆತ್ಮಹತ್ಯೆ ಮಾಡಿಕೊಳ್ಳುತ್ತದೆ. ಪ್ರಯೋಗದ ಏರ್ಪಾಡು ಸರಳ. ಪ್ಲಾಸ್ಟಿಕ್ ತಟ್ಟೆಯ ತಳಕ್ಕೆ ಕೋಶ ಅಂಟದಂಥ ಲೇಪ ಹಚ್ಚಿ ಅದರಲ್ಲಿ ಸ್ತನ ಕ್ಯಾನ್ಸರ್ ಕೋಶಗಳನ್ನು ಪೋಷಕ ದ್ರವದೊಡನೆ ತೇಲಬಿಡುತ್ತಾರೆ. ಹಲವು ಸಾಯುತ್ತವೆ, ಉಳಿದವು ಒಂದಕ್ಕೊಂದು ಕೂಡಿಕೊಂಡು ಸಣ್ಣ ಉಂಡೆಗಳಾಗುತ್ತವೆ. ಉಳಿದವುಗಳಲ್ಲಿ ಎಎಂಪಿಕೆ ಎಂಬ ಕಿಣ್ವ ಚುರುಕಾಗಿರುತ್ತದೆ. ಕೋಶದ ಇಂಧನ ಕಡಿಮೆಯಾದಾಗ ಎಚ್ಚರಗೊಂಡು ಖರ್ಚು ಇಳಿಸುವ ಕಿಣ್ವ ಅದು. ಅದು ಪಿಇಎ15 ಎಂಬ ಇನ್ನೊಂದು ಪ್ರೋಟೀನಿನ ಮೂಲಕ ಕೋಶವನ್ನು ಉಳಿಸುತ್ತದೆ ಎಂದು ಈ ತಂಡ 2014ರಲ್ಲಿ ಪ್ರಕಟಿಸಿತು. 2018ರಲ್ಲಿ ಎರಡು ವರದಿಗಳು ಬಂದವು. ಒಂದರ ಪ್ರಕಾರ ಎಎಂಪಿಕೆ ಟ್ವಿಸ್ಟ್ ಅನ್ನು ಹೆಚ್ಚಿಸಿ ಕೋಶಕ್ಕೆ ಸರಿದಾಡುವ ಗುಣ ಕೊಡುತ್ತದೆ. ಇನ್ನೊಂದರ ಪ್ರಕಾರ ಕಳಚಿದ ಕೋಶದಲ್ಲಿ ಎಎಂಪಿಕೆ ಏರಿ, ಬೆಳವಣಿಗೆಗೆ ಒತ್ತು ಕೊಡುವ ಎಕೆಟಿ ಎಂಬ ಕಿಣ್ವ ಕುಗ್ಗುತ್ತದೆ, ಮತ್ತೆ ನೆಲೆ ಸಿಕ್ಕಾಗ ಎಕೆಟಿ ಏರಿ ಎಎಂಪಿಕೆ ಕುಗ್ಗುತ್ತದೆ. ಒಂದು ಇನ್ನೊಂದನ್ನು ತುಳಿದಿಡುತ್ತದೆ.

ಸಕ್ಕರೆ ಕಾಯಿಲೆಗೆ ಎಲ್ಲ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲೂ ಕೊಡುವ ಮೆಟ್‌ಫಾರ್ಮಿನ್ ಗುಳಿಗೆ ಎಎಂಪಿಕೆಯನ್ನು ಚುರುಕುಗೊಳಿಸುತ್ತದೆ. ಗಡ್ಡೆಯ ಆರಂಭದ ಹಂತದಲ್ಲಿ ಅದು ಬೆಳವಣಿಗೆಗೆ ತಡೆ ಎಂಬ ಆಸೆಯಿಂದ 3,649 ಸ್ತನ ಕ್ಯಾನ್ಸರ್ ರೋಗಿಗಳ ಮೇಲೆ ನಡೆದ ಅಂತರರಾಷ್ಟ್ರೀಯ ಪ್ರಯೋಗದ ಫಲಿತಾಂಶ 2022ರಲ್ಲಿ ಬಂದಾಗ ಪ್ರಯೋಜನ ಕಾಣಲಿಲ್ಲ. ಒಂದೇ ಸಂಕೇತ ಒಂದು ಹಂತದಲ್ಲಿ ಕಡಿವಾಣ, ಮುಂದಿನ ಹಂತದಲ್ಲಿ ಊರುಗೋಲು ಆಗಬಲ್ಲದು ಎಂಬುದನ್ನು ಬೆಂಗಳೂರಿನ ತಟ್ಟೆಗಳು ಮೊದಲೇ ಸೂಚಿಸಿದ್ದವು.

2018ರಲ್ಲಿ ಇದೇ ಸಂಸ್ಥೆ ಸೇರಿದ ಮೋಹಿತ್ ಕುಮಾರ್ ಜಾಲಿ ಗಣಿತದ ಕಡೆಯಿಂದ ಬಂದವರು. ಕೋಶ ಪೂರ್ತಿ ಅಂಟು ಬಿಡಬೇಕಾಗಿಲ್ಲ, ಅರ್ಧ ಅಂಟು ಉಳಿಸಿಕೊಂಡು ಅರ್ಧ ಸರಿದಾಡುವ ನಡುವಿನ ಸ್ಥಿತಿಯಲ್ಲಿ ನಿಲ್ಲಬಲ್ಲದು ಎಂಬುದು ಅವರ ಸಮೀಕರಣಗಳು ಹೇಳುವ ಮಾತು. ಅಂಥವು ಗುಂಪಾಗಿ ಹೊರಡುತ್ತವೆ. ರಕ್ತದಲ್ಲಿ ಗುಂಪಾಗಿ ಸಾಗುವ ಕೋಶಗಳು ಒಂಟಿ ಕೋಶಗಳಿಗಿಂತ 23ರಿಂದ 50 ಪಟ್ಟು ಹೆಚ್ಚು ಗಡ್ಡೆ ಕಟ್ಟುತ್ತವೆ ಎಂದು ಅಮೆರಿಕದ ತಂಡವೊಂದು 2014ರಲ್ಲೇ ಇಲಿಗಳಲ್ಲಿ ಅಳೆದಿತ್ತು. ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯಲ್ಲಿ ಜ್ಯೋತಿ ಪ್ರಭು ಮತ್ತು ಟಿ. ಎಸ್. ಶ್ರೀಧರ್ ಇಲ್ಲಿನ ರೋಗಿಗಳ ಗಡ್ಡೆಯ ಮಾದರಿಗಳನ್ನು ಕೂಡಿಟ್ಟು, ಅವರನ್ನು ವರ್ಷಗಟ್ಟಲೆ ಹಿಂಬಾಲಿಸಿ, ಯಾರಲ್ಲಿ ರೋಗ ಹರಡಿತು ಎಂಬುದನ್ನು ಮಾದರಿಯ ಪ್ರೋಟೀನುಗಳೊಡನೆ ತಾಳೆ ನೋಡುವ ಕೆಲಸ ನಡೆಸಿದರು. ಅಮೆರಿಕದ ಇಬ್ಬರು ರೋಗಿಗಳ ಕೋಶಗಳಿಂದ ಕಲಿತದ್ದು ಕನ್ನಡ ನಾಡಿನ ಹೆಂಗಸರಿಗೆ ಎಷ್ಟು ಹೊಂದುತ್ತದೆ ಎಂದು ತಿಳಿಯಲು ಬೇರೆ ದಾರಿಯಿಲ್ಲ.

ಸಂಕೇತಗಳನ್ನು ಹಿಡಿದದ್ದರಿಂದ ಔಷಧಿ ಎಷ್ಟು ಬಂತು? ಲೆಕ್ಕ ಮಿಶ್ರವಾಗಿದೆ. ರ‍್ಯಾಂಕ್-ಎಲ್ ಅನ್ನು ಕಟ್ಟಿಹಾಕುವ ಡೆನೊಸುಮ್ಯಾಬ್ 2010ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದು, ಎಲುಬು ಮುರಿಯುವುದನ್ನು ತಡೆಯುವ ಚುಚ್ಚುಮದ್ದಾಗಿ ನೆಲೆನಿಂತಿದೆ. ಎಚ್‌ಇಆರ್2 ಎಂಬ ಗ್ರಾಹಕ ಹೆಚ್ಚಿದ್ದರೆ ರೋಗ ಬೇಗ ಮರುಕಳಿಸುತ್ತದೆ ಎಂದು ಡೆನ್ನಿಸ್ ಸ್ಲಾಮನ್ 1987ರಲ್ಲಿ ತೋರಿಸಿದ. ಅದನ್ನು ಮುಚ್ಚುವ ಟ್ರಾಸ್ಟುಜುಮ್ಯಾಬ್ 1998ರಲ್ಲಿ ಬಂತು, ಬೆಲೆ ಮಾತ್ರ ಕೈಗೆ ಎಟುಕದ್ದು. ಅದರ ಜೈವಿಕ ಸಮಾನ ಔಷಧಿಯನ್ನು ಬೆಂಗಳೂರಿನ ಬಯೋಕಾನ್ 2014ರಲ್ಲಿ ಭಾರತದ ಮಾರುಕಟ್ಟೆಗೆ ತಂದಿತು. 2017ರ ಡಿಸೆಂಬರಿನಲ್ಲಿ ಅಮೆರಿಕ ಅನುಮತಿಸಿದ ಮೊದಲ ಟ್ರಾಸ್ಟುಜುಮ್ಯಾಬ್ ಸಮಾನ ಔಷಧಿಯೂ ಬಯೋಕಾನ್ ಮತ್ತು ಮೈಲಾನ್ ಸೇರಿ ತಯಾರಿಸಿದ್ದು. ಸೋತವೂ ಕಡಿಮೆಯಿಲ್ಲ. ಅಂಗಾಂಶ ಕೊರೆಯುವ ಕಿಣ್ವಗಳನ್ನು ತಡೆಯುವ ಔಷಧಿಗಳು 1990ರ ದಶಕದಲ್ಲಿ ಸದ್ದು ಮಾಡಿ ಮಾಯವಾದವು. ಹೊಸ ರಕ್ತನಾಳ ಬೆಳೆಯದಂತೆ ಮಾಡುವ ಬೆವಾಸಿಜುಮ್ಯಾಬ್‌ಗೆ ಸ್ತನ ಕ್ಯಾನ್ಸರಿಗಾಗಿ ಅಮೆರಿಕ 2008ರಲ್ಲಿ ಕೊಟ್ಟ ಅನುಮತಿಯನ್ನು 2011ರಲ್ಲಿ ಹಿಂದಕ್ಕೆ ಪಡೆಯಿತು. ಸಿಎಕ್ಸ್‌ಸಿಆರ್4 ಮುಚ್ಚುವ ಪ್ಲೆರಿಕ್ಸಾಫೋರ್ ಇಂದು ಆಸ್ಪತ್ರೆಗಳಲ್ಲಿ ಬಳಕೆಯಾಗುವುದು ಮಜ್ಜೆಯ ಕಾಂಡಕೋಶಗಳನ್ನು ರಕ್ತಕ್ಕೆ ಇಳಿಸಲು, ಸ್ತನ ಕ್ಯಾನ್ಸರ್ ತಡೆಯಲು ಅಲ್ಲ.

ಬಳ್ಳಾರಿ ಜಿಲ್ಲೆಯ ಬಡವರಿಗೆ ಇದೇ ಅವಧಿಯಲ್ಲಿ ಆದ ದೊಡ್ಡ ಬದಲಾವಣೆ ಪ್ರಯೋಗಾಲಯದಿಂದ ಬಂದದ್ದಲ್ಲ. 2010ರಲ್ಲಿ ಕಲಬುರಗಿ ವಿಭಾಗದಲ್ಲಿ ಮೊದಲು ಜಾರಿಯಾದ ವಾಜಪೇಯಿ ಆರೋಗ್ಯಶ್ರೀ ಬಿಪಿಎಲ್ ಕಾರ್ಡಿದ್ದವರ ಕ್ಯಾನ್ಸರ್, ಹೃದ್ರೋಗ ಮುಂತಾದ ದೊಡ್ಡ ಚಿಕಿತ್ಸೆಗಳ ವೆಚ್ಚ ಹೊತ್ತಿತು. 2018ರಿಂದ ಅದು ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದೊಳಗೆ ಸೇರಿತು. 30 ದಾಟಿದ ಹೆಂಗಸರ ಸ್ತನವನ್ನು ಆರೋಗ್ಯ ಕಾರ್ಯಕರ್ತೆಯರು ಕೈಯಿಂದ ಮುಟ್ಟಿ ಪರೀಕ್ಷಿಸುವುದು ರಾಷ್ಟ್ರೀಯ ಕಾರ್ಯಕ್ರಮದ ಭಾಗವಾಯಿತು. ನೋವಿಲ್ಲದ ಗಂಟನ್ನು ತೋರಿಸಲು ನಾಚಿಕೆ, ತೋರಿಸಿದರೆ ಕೂಲಿ ತಪ್ಪುವ ಭಯ ಎರಡೂ ಸೇರಿ ದೇಶದ ಅರ್ಧದಷ್ಟು ರೋಗಿಗಳು ಇಂದಿಗೂ ಕಂಕುಳಿಗೋ ಚರ್ಮಕ್ಕೋ ಅದರಾಚೆಗೋ ಹೋದ ಮೇಲೆಯೇ ಆಸ್ಪತ್ರೆ ಸೇರುತ್ತಾರೆ. ಬಂದವರ ಗಡ್ಡೆಯ ಚೂರಿನಲ್ಲಿ ಈಸ್ಟ್ರೋಜನ್, ಪ್ರೊಜೆಸ್ಟೆರಾನ್, ಎಚ್‌ಇಆರ್2 ಎಂಬ ಮೂರು ಗ್ರಾಹಕಗಳನ್ನು ನೋಡುವುದು ಈಗ ಮಾಮೂಲಿ. ಮೂರೂ ಇಲ್ಲದ ಬಗೆ ಪಾಶ್ಚಾತ್ಯ ದೇಶಗಳಿಗಿಂತ ಭಾರತದಲ್ಲಿ ಹೆಚ್ಚು, ಮತ್ತು ಅದು ಬೇಗ ಹರಡುವ ಜಾತಿ.

ಶಸ್ತ್ರಚಿಕಿತ್ಸೆಯ ಗಳಿಗೆಯಲ್ಲೇ ಗಂಟು ಹೊರಗೆ ಸಂಕೇತ ಕಳಿಸುತ್ತದೆಯೇ ಎಂಬ ಪ್ರಶ್ನೆಯನ್ನು ಕೈಗೆತ್ತಿಕೊಂಡದ್ದು ಟಾಟಾ ಸ್ಮಾರಕ ಕೇಂದ್ರದ ರಾಜೇಂದ್ರ ಬಡವೆ. ಅವರ ನೇತೃತ್ವದಲ್ಲಿ ಭಾರತದ 11 ಆಸ್ಪತ್ರೆಗಳಲ್ಲಿ ಸುಮಾರು 1,600 ಮಹಿಳೆಯರ ಮೇಲೆ ನಡೆದ ಪ್ರಯೋಗದ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಅರ್ಧ ಮಂದಿಗೆ ಗಂಟು ತೆಗೆಯುವ 7ರಿಂದ 10 ನಿಮಿಷ ಮುನ್ನ ಅದರ ಸುತ್ತ ಲಿಗ್ನೋಕೇನ್ ಚುಚ್ಚಲಾಗಿತ್ತು. ಹಲ್ಲು ಕೀಳುವಾಗ, ಹೊಲಿಗೆ ಹಾಕುವಾಗ ಜೋಮು ಹಿಡಿಸಲು ಬಳಸುವ ಅದೇ ಔಷಧಿ. ಕೋಶಗಳ ಹೊರಪೊರೆಯ ಸೋಡಿಯಂ ನಾಳಗಳನ್ನು ಅದು ಮುಚ್ಚುತ್ತದೆ, ಕ್ಯಾನ್ಸರ್ ಕೋಶಗಳ ಚಲನೆಗೂ ಆ ನಾಳಗಳು ಬೇಕು ಎಂಬುದು ಹಿಂದಿನ ತರ್ಕ. 5 ವರ್ಷದ ಬಳಿಕ ಚುಚ್ಚಿಸಿಕೊಂಡವರಲ್ಲಿ ಶೇ. 90.1, ಇಲ್ಲದವರಲ್ಲಿ ಶೇ. 86.4 ಮಂದಿ ಬದುಕಿದ್ದರು. ರೋಗ ಮರುಕಳಿಸದೆ ಉಳಿದವರು ಕ್ರಮವಾಗಿ ಶೇ. 86.6 ಮತ್ತು 82.6. ಅಂತರ ಸಣ್ಣದು, ಇನ್ನೊಂದು ದೊಡ್ಡ ಪ್ರಯೋಗ ಇದನ್ನು ಪುನರಾವರ್ತಿಸಿ ತೋರಿಸಬೇಕೆಂದು ಹಲವು ಶಸ್ತ್ರವೈದ್ಯರು ಕೇಳುತ್ತಾರೆ, ಆ ಬೇಡಿಕೆ ನ್ಯಾಯವಾದದ್ದೇ. ಲಿಗ್ನೋಕೇನ್ ಬಾಟಲಿಗೆ ಪೇಟೆಂಟ್ ಇಲ್ಲ, ಬೆಲೆ ಕೆಲವೇ ರೂಪಾಯಿ, ತಾಲೂಕು ಆಸ್ಪತ್ರೆಯ ಕಪಾಟಿನಲ್ಲೂ ಅದು ಇರುತ್ತದೆ.